ಎಣ್ಣೆಗೂ ಮೊದಲು ರಕ್ತಪರೀಕ್ಷೆ

ಜ್ವರ ವಾಸಿಯಾಗಿ, ಮೈಯಲ್ಲಿ ಮೊದಲಿನ ಶಕ್ತಿ ಬಂದು, ಕಾಯಿಲೆಯ ಮಾತೇ ಮನೆಯಲ್ಲಿ ಮರೆತುಹೋದ ಹೊತ್ತಿಗೆ ನನ್ನ ಕೂದಲು ಉದುರಲು ಶುರುವಾಯಿತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ, ಒಗೆದು ಒಣಗಿಸಿದ ಬಟ್ಟೆಯಲ್ಲಿ ಕೂಡ ಕೂದಲು. ಜಡೆಯ ದಪ್ಪ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಎರಡು ಸುತ್ತಿಗೆ ಬಿಗಿಯಾಗುತ್ತಿದ್ದ ರಬ್ಬರ್ ಬ್ಯಾಂಡ್ ಮೂರು ಸುತ್ತು ಹಾಕಿದರೂ ಜಾರತೊಡಗಿತು. ಕೂದಲು ಉದುರುವವರ ಸಂಕಟವನ್ನು ಹೊರಗಿನವರು ಹಗುರವಾಗಿ ಕಾಣುತ್ತಾರೆ. ಪ್ರಾಣಕ್ಕೇನೂ ಅಪಾಯವಿಲ್ಲವಲ್ಲ ಎನ್ನುತ್ತಾರೆ. ದಿನವೂ ಬೆಳಿಗ್ಗೆ ತಲೆ ಬಾಚಲು ಹೆದರುವುದು ಹೇಗಿರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಸಲಹೆಗಳಿಗೆ ಬರವಿರಲಿಲ್ಲ. ಅಕ್ಕ ಬಯೋಟಿನ್ ಎಂಬ ವಿಟಮಿನ್ನಿನ ಮಾತ್ರೆಯ ಡಬ್ಬಿಯೊಂದನ್ನು ತಂದುಕೊಟ್ಟಳು. ಕಚೇರಿಯ ಗೆಳತಿ ಈರುಳ್ಳಿ ರಸ ಹಚ್ಚು ಎಂದಳು. ಒಬ್ಬರು ರೋಸ್‌ಮೇರಿ ಎಣ್ಣೆ ಎಂದರೆ ಇನ್ನೊಬ್ಬರು ಹರಳೆಣ್ಣೆ ಎಂದರು, ಮತ್ತೊಬ್ಬರು ಭೃಂಗರಾಜ ಎಂದರು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದವರು, ಎಲ್ಲರ ಬಳಿಯೂ 'ನನಗೆ ಇದರಿಂದಲೇ ಬಂತು' ಎಂಬ ಸಾಕ್ಷಿಯಿತ್ತು. ಇಷ್ಟೊಂದು ಬೇರೆ ಬೇರೆ ಮದ್ದುಗಳಿಗೆ ಒಂದೇ ಫಲ ಹೇಗೆ ಸಿಕ್ಕಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಸಿಗುವವರೆಗೆ ಯಾವ ಡಬ್ಬಿಯನ್ನೂ ತೆರೆಯುವುದು ಬೇಡವೆಂದು ಚರ್ಮವೈದ್ಯರ ಬಳಿ ಹೋದೆ. ಅಕ್ಕ ಕೊಟ್ಟ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡೆ.

ವೈದ್ಯೆ ಮೊದಲು ಕೇಳಿದ್ದು ಎಣ್ಣೆ, ಶಾಂಪೂಗಳ ವಿಚಾರವನ್ನಲ್ಲ. "ಮೂರು ತಿಂಗಳ ಹಿಂದೆ ನಿಮಗೆ ಏನಾಗಿತ್ತು?" ಎಂದರು. ಜೋರು ಜ್ವರ ಬಂದು ವಾರಗಟ್ಟಲೆ ಮಲಗಿದ್ದೆ ಎಂದೆ. ಅವರು ತಲೆಯಾಡಿಸಿ, ನನ್ನ ಬೈತಲೆಯ ಪಕ್ಕದಿಂದ ಐವತ್ತು ಅರವತ್ತು ಕೂದಲಿನ ಒಂದು ಎಳೆ ಹಿಡಿದು, ಬುಡದಿಂದ ತುದಿಯವರೆಗೆ ಮೆಲ್ಲಗೆ ಜಗ್ಗಿದರು. ನೋವಾಗಲಿಲ್ಲ, ಆದರೆ ಅವರ ಬೆರಳಲ್ಲಿ ಹತ್ತಾರು ಕೂದಲು ಉಳಿದವು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಹೀಗೆ ಕಳಚಿ ಬಂದರೆ ಉದುರುವಿಕೆ ಜೋರಾಗಿದೆ ಎಂದು ಅರ್ಥವಂತೆ. ಆಮೇಲೆ ಒಂದು ಕೂದಲನ್ನು ಮೇಜಿನ ಗಾಜಿನ ಮೇಲಿಟ್ಟು ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಬುಡದಲ್ಲಿ ಎಳ್ಳಿಗಿಂತಲೂ ಚಿಕ್ಕದಾದ ಬಿಳಿಯ ಗುಬುಟು. ಅದನ್ನು ನಾನು ಮನೆಯಲ್ಲಿಯೂ ನೋಡಿದ್ದೆ. ಕೂದಲು ಬೇರುಸಮೇತ ಕಿತ್ತು ಬರುತ್ತಿದೆ, ಇನ್ನು ಆ ಜಾಗದಲ್ಲಿ ಏನೂ ಹುಟ್ಟದು ಎಂಬ ದಿಗಿಲು ಹುಟ್ಟಿಸಿದ್ದು ಅದೇ ಗುಬುಟು.

"ಇದು ಬೇರಲ್ಲ. ಬೆಳೆದು ಮುಗಿದ ಕೂದಲಿನ ತುದಿ. ಕೂದಲು ಹುಟ್ಟುವ ಕೋಶ ಚರ್ಮದೊಳಗೆ ಹಾಗೆಯೇ ಇದೆ" ಎಂದರು ವೈದ್ಯೆ. ಆ ಒಂದು ಮಾತಿನಿಂದ ನನ್ನ ಎದೆಯ ಭಾರ ಅರ್ಧ ಇಳಿಯಿತು.

ಅವರು ವಿವರಿಸಿದ್ದು ಇಷ್ಟು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದಕ್ಕೂ ಅದರದೇ ಆದ ಕಾಲಚಕ್ರ: ಎರಡರಿಂದ ಆರು ವರ್ಷ ಬೆಳವಣಿಗೆ, ಎರಡು ಮೂರು ವಾರ ಬೆಳವಣಿಗೆ ನಿಲ್ಲುವ ಹಂತ, ಆಮೇಲೆ ಸುಮಾರು ಮೂರು ತಿಂಗಳ ವಿಶ್ರಾಂತಿ, ಕೊನೆಗೆ ಉದುರುವಿಕೆ. ಯಾವುದೇ ಹೊತ್ತಿನಲ್ಲಿ ನೂರರಲ್ಲಿ ಎಂಬತ್ತೈದರಿಂದ ತೊಂಬತ್ತು ಕೂದಲು ಬೆಳೆಯುತ್ತಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಜೋರು ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ಅತಿಯಾದ ಪಥ್ಯ, ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟು, ಇಂಥದ್ದೇನಾದರೂ ಆದಾಗ ದೇಹ ತನ್ನ ಶಕ್ತಿಯನ್ನು ಬೇರೆಡೆಗೆ ತಿರುಗಿಸುತ್ತದೆ. ಆಗ ಬಹಳಷ್ಟು ಕೂದಲುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. 'ಟೆಲೋಜನ್ ಎಫ್ಲುವಿಯಂ' ಎಂಬ ಹೆಸರಿನಲ್ಲಿ ಇದನ್ನು ಮೊದಲು ವಿವರಿಸಿದವರು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್, 1961ರಲ್ಲಿ. ಕಾರಣ ದೂರವಾದರೆ ಮೂರರಿಂದ ಆರು ತಿಂಗಳಲ್ಲಿ ಉದುರುವುದು ತಾನಾಗಿ ತಗ್ಗುತ್ತದೆ, ಕೂದಲು ಮರಳಿ ಬರುತ್ತದೆ.

ನನ್ನನ್ನು ಕಾಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿಯೇ. ಕೂದಲು ಉದುರುವುದು ಅತಿಯಾದಾಗಲೇ ನಾವು ಮದ್ದು ಹುಡುಕುತ್ತೇವೆ. ಆ ಹೊತ್ತಿಗೆ ಕೋಶಗಳೊಳಗೆ ಹೊಸ ಕೂದಲು ಆಗಲೇ ಶುರುವಾಗಿರುತ್ತದೆ, ಏಕೆಂದರೆ ಹಳೆಯದು ಉದುರುವುದು ಹೊಸದು ಕೆಳಗಿನಿಂದ ಎದ್ದಾಗ. ಆಗ ಏನನ್ನು ಹಚ್ಚಿದರೂ, ಏನನ್ನು ನುಂಗಿದರೂ ಕೆಲವು ತಿಂಗಳಲ್ಲಿ ಫಲ ಕಂಡೇ ಕಾಣುತ್ತದೆ. ಹೆಸರು ಮಾತ್ರ ಈರುಳ್ಳಿಗೆ ಬರುತ್ತದೆ, ಇಲ್ಲವೇ ಎಣ್ಣೆಗೆ. ಸಾಕ್ಷಿ ಹೇಳಿದವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಆದರೂ ಎಲ್ಲವನ್ನೂ ಕಾಲಕ್ಕೆ ಬಿಟ್ಟು ಕೂರುವಂತಿರಲಿಲ್ಲ. "ಮುಟ್ಟಿನ ರಕ್ತಸ್ರಾವ ಹೇಗಿದೆ?" ಎಂದು ವೈದ್ಯೆ ಕೇಳಿದರು. ವರ್ಷಗಳಿಂದ ಹೆಚ್ಚೇ ಇದೆ ಎಂದೆ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಅಕ್ಕ ಕೊಟ್ಟ ಡಬ್ಬಿಯನ್ನು ಆಗ ಮೇಜಿನ ಮೇಲಿಟ್ಟೆ. ಅವರು ಲೇಬಲ್ ಓದಿ, "ಇನ್ನೂ ಶುರು ಮಾಡಿಲ್ಲವಲ್ಲ, ಒಳ್ಳೆಯದಾಯಿತು" ಎಂದರು.

ಒಂದು ಮಾತ್ರೆಯಲ್ಲಿ ಇದ್ದದ್ದು 10,000 ಮೈಕ್ರೋಗ್ರಾಂ ಬಯೋಟಿನ್. ವಯಸ್ಕರಿಗೆ ದಿನಕ್ಕೆ ಸಾಕು ಎಂದು ಲೆಕ್ಕ ಹಾಕಿರುವುದು 30 ಮೈಕ್ರೋಗ್ರಾಂ, ಅದು ಸಾಮಾನ್ಯ ಊಟದಲ್ಲೇ ಸಿಗುತ್ತದೆ. ಬಯೋಟಿನ್ ಕೊರತೆಯಾದರೆ ಕೂದಲು ಉದುರುವುದು ನಿಜ, ಆದರೆ ಆ ಕೊರತೆ ತೀರಾ ಅಪರೂಪ. ಹಸಿ ಮೊಟ್ಟೆಯ ಬಿಳಿ ಭಾಗವನ್ನು ಬಹುಕಾಲ ಅತಿಯಾಗಿ ತಿಂದವರಲ್ಲಿ ಕಾಣುವುದುಂಟು, ಏಕೆಂದರೆ ಅದರಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ನನ್ನು ಕಟ್ಟಿಹಾಕುತ್ತದೆ. ಕೊರತೆ ಇಲ್ಲದವರಿಗೆ ಈ ಮಾತ್ರೆಯಿಂದ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಇಷ್ಟೇ ಆಗಿದ್ದರೆ ದುಡ್ಡು ದಂಡ ಎಂದು ಸುಮ್ಮನಿರಬಹುದಿತ್ತು. ಆದರೆ ರಕ್ತದಲ್ಲಿ ಬಯೋಟಿನ್ ಅತಿಯಾದರೆ ಹಲವು ಪ್ರಯೋಗಾಲಯ ಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರುತ್ತದೆ. ಥೈರಾಯ್ಡ್ ಚೆನ್ನಾಗಿದ್ದರೂ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ತೋರಬಹುದು. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯಲ್ಲಿ ಅಂಕಿ ನಿಜಕ್ಕಿಂತ ಕಡಿಮೆ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಈಗಾಗಲೇ ಬಯೋಟಿನ್ ನುಂಗುತ್ತಿರುವವರು ರಕ್ತ ಕೊಡುವ ಮುನ್ನ ವೈದ್ಯರಿಗೆ ಅದನ್ನು ತಿಳಿಸಲೇಬೇಕು, ಅವರು ಹೇಳಿದಷ್ಟು ದಿನ ನಿಲ್ಲಿಸಬೇಕು. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಬೇಸರಪಟ್ಟುಕೊಳ್ಳಲಿಲ್ಲ. ತಾನೂ ಅದೇ ಮಾತ್ರೆ ತೆಗೆದುಕೊಳ್ಳುತ್ತಿದ್ದವಳು ತನ್ನ ಹಿಂದಿನ ಥೈರಾಯ್ಡ್ ವರದಿಯನ್ನು ಮತ್ತೊಮ್ಮೆ ಮಾಡಿಸಿಕೊಂಡಳು.

ನನ್ನ ವರದಿ ಬಂತು. ಥೈರಾಯ್ಡ್ ಸರಿಯಾಗಿತ್ತು. ಹಿಮೋಗ್ಲೋಬಿನ್ 12.1, ಹೆಂಗಸರಿಗೆ ಸಾಮಾನ್ಯ ಎನ್ನುವ ಗೆರೆಯ ಮೇಲೆ. ಫೆರಿಟಿನ್ ಮಾತ್ರ 11. ಫೆರಿಟಿನ್ ಎಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣದ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಲ್ಲಿ ಅದು 15ಕ್ಕಿಂತ ಕೆಳಗಿಳಿದರೆ ಕೊರತೆ. ರಕ್ತಹೀನತೆ ಇಲ್ಲ ಎಂದ ಮಾತ್ರಕ್ಕೆ ಕಬ್ಬಿಣ ಸಾಕಷ್ಟಿದೆ ಎಂದಲ್ಲ. ಕೂಡಿಟ್ಟದ್ದು ಬರಿದಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯತೊಡಗುವುದು. ಇನ್ನೂ ಒಂದು ವಿಷಯ ಅವರು ಹೇಳಿದರು: ಜ್ವರ, ಸೋಂಕು ಇರುವಾಗ ಫೆರಿಟಿನ್ ತಾತ್ಕಾಲಿಕವಾಗಿ ಏರುತ್ತದೆ, ಹಾಗಾಗಿ ಕಾಯಿಲೆಯ ನಡುವೆ ಮಾಡಿಸಿದ ಪರೀಕ್ಷೆಯಲ್ಲಿ ಕೊರತೆ ಕಾಣದೇ ಹೋಗಬಹುದು.

ಫೆರಿಟಿನ್‌ಗೂ ಕೂದಲು ಉದುರುವುದಕ್ಕೂ ಇರುವ ನಂಟಿನ ಬಗ್ಗೆ ಚರ್ಮವೈದ್ಯರಲ್ಲೇ ಒಮ್ಮತವಿಲ್ಲ. ಕೂದಲಿಗಾಗಿ 40 ಇರಬೇಕು ಎನ್ನುವವರಿದ್ದಾರೆ, 70 ಎನ್ನುವವರೂ ಇದ್ದಾರೆ, ನಂಟೇ ಸಾಬೀತಾಗಿಲ್ಲ ಎನ್ನುವವರೂ ಇದ್ದಾರೆ. ಆದರೆ 11 ಕೊರತೆ ಎಂಬುದರಲ್ಲಿ ಯಾರ ತಕರಾರೂ ಇಲ್ಲ. ಕೂದಲು ಬರಲಿ ಬಿಡಲಿ, ಅದನ್ನು ಸರಿಪಡಿಸಲೇಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಕವಿಯುತ್ತಿದ್ದ ಸುಸ್ತು, ಮೆಟ್ಟಿಲು ಹತ್ತುವಾಗಿನ ಏದುಸಿರು, ಇವನ್ನೆಲ್ಲ ವಯಸ್ಸಿನ ಖಾತೆಗೆ ಬರೆದುಕೊಂಡಿದ್ದ ನನಗೆ ಕೂದಲೇ ಮುನ್ಸೂಚನೆ ಕೊಟ್ಟಂತಾಯಿತು.

ಕಬ್ಬಿಣದ ಮಾತ್ರೆಯನ್ನು ದಿನಬಿಟ್ಟು ದಿನ ತೆಗೆದುಕೊಳ್ಳಿ ಎಂದರು. ದಿನವೂ ನುಂಗಿದರೆ ಬೇಗ ಏರುತ್ತದೆ ಎಂದುಕೊಂಡಿದ್ದ ನನಗೆ ಆಶ್ಚರ್ಯವಾಯಿತು. ಒಮ್ಮೆ ಕಬ್ಬಿಣ ಒಳಹೋದರೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಅದು ಮರುದಿನದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಒಂದು ದಿನ ಬಿಟ್ಟರೆ ಮುಂದಿನ ಮಾತ್ರೆ ಹೆಚ್ಚು ಹೀರಲ್ಪಡುತ್ತದೆ, ಹೊಟ್ಟೆಯ ತೊಂದರೆಯೂ ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನಿಂಬೆರಸ ಹಿಂಡಿದ ನೀರಿನ ಜೊತೆ ನುಂಗುತ್ತಿದ್ದೆ; ವಿಟಮಿನ್ ಸಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಎದ್ದ ಕೂಡಲೇ ಕುಡಿಯುತ್ತಿದ್ದ ಚಹಾವನ್ನು ಒಂದೆರಡು ಗಂಟೆ ಮುಂದೂಡಿದೆ. ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಕಷ್ಟವೆನಿಸಿದ್ದು ಅದೇ. ಮಲ ಕಪ್ಪಾಗುತ್ತದೆ, ಸ್ವಲ್ಪ ಮಲಬದ್ಧತೆಯೂ ಆಗಬಹುದು ಎಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಮುಟ್ಟಿನ ಸ್ರಾವಕ್ಕೆ ಸ್ತ್ರೀರೋಗ ತಜ್ಞೆಯನ್ನು ಕಾಣಲು ಹೇಳಿದರು, ಕಂಡೆ.

ಪರೀಕ್ಷೆ ಇಲ್ಲದೆ ಕಬ್ಬಿಣ ನುಂಗಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಅದು ಯಕೃತ್ತಿನಲ್ಲಿ, ಹೃದಯದಲ್ಲಿ ಸೇರಿಕೊಳ್ಳುತ್ತದೆ. ವಿಟಮಿನ್ ಎ ಮತ್ತು ಸೆಲೆನಿಯಂ ಇನ್ನೂ ವಿಚಿತ್ರ: ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ ಇವೆರಡೂ ಇರುತ್ತವೆ, ಅತಿಯಾದರೆ ಕೂದಲು ಉದುರಿಸುವುದೂ ಇವೇ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವರೂಪದ ಪೂರಕದಲ್ಲಿ ತಯಾರಿಕೆಯ ತಪ್ಪಿನಿಂದ ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಇನ್ನೂರು ಪಟ್ಟು ಸೆಲೆನಿಯಂ ಸೇರಿ, ಇನ್ನೂರರಷ್ಟು ಜನ ಕೂದಲು, ಉಗುರು ಕಳೆದುಕೊಂಡು ನರಳಿದರು. 'ನೈಸರ್ಗಿಕ' ಎಂದು ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿನ ಪ್ರಮಾಣಕ್ಕೂ ಸಂಬಂಧವಿಲ್ಲ.

ಎಣ್ಣೆ ಹಚ್ಚಲೇ ಇಲ್ಲವೇ ಎಂದು ಕೇಳಬಹುದು. ಹಚ್ಚಿದೆ, ರೋಸ್‌ಮೇರಿಯನ್ನೇ ಆರಿಸಿಕೊಂಡೆ. ಮನೆಮದ್ದುಗಳಲ್ಲಿ ಮನುಷ್ಯರ ಮೇಲೆ ಪರೀಕ್ಷೆಗೊಳಗಾದವು ಕಡಿಮೆ. ಭೃಂಗರಾಜದ ಬಗ್ಗೆ ಜನ ಉದಾಹರಿಸುವ ಫಲಿತಾಂಶಗಳು ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದವು. ರೋಸ್‌ಮೇರಿಯ ಮೇಲೆ 2015ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನವೊಂದಿದೆ. ಆನುವಂಶಿಕವಾಗಿ ಕೂದಲು ತೆಳುವಾಗುತ್ತಿದ್ದ ನೂರು ಜನರಲ್ಲಿ ಅರ್ಧದಷ್ಟು ಮಂದಿಗೆ ರೋಸ್‌ಮೇರಿ ಎಣ್ಣೆ, ಉಳಿದವರಿಗೆ ಕೂದಲು ಬೆಳೆಸಲು ನೆತ್ತಿಗೆ ಹಚ್ಚುವ ಮದ್ದಾದ ಶೇ. 2ರ ಮಿನಾಕ್ಸಿಡಿಲ್ ಕೊಟ್ಟರು. ಮೂರು ತಿಂಗಳಲ್ಲಿ ಎರಡೂ ಕಡೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆರು ತಿಂಗಳಿಗೆ ಎರಡೂ ಕಡೆ ಕೂದಲಿನ ಸಂಖ್ಯೆ ಏರಿತ್ತು. ಏನನ್ನೂ ಹಚ್ಚದ ಮೂರನೆಯ ಗುಂಪು ಇರಲಿಲ್ಲವಾದ್ದರಿಂದ ಈ ಅಧ್ಯಯನವೊಂದರ ಮೇಲೆ ಪೂರ್ತಿ ಭಾರ ಹಾಕಲಾಗದು. ಆದರೂ ಆರು ತಿಂಗಳು ಕಾಯಬೇಕು ಎಂಬ ಪಾಠ ಅದರಲ್ಲಿದೆ. ಎರಡು ವಾರದಲ್ಲಿ ಕೂದಲು ಎನ್ನುವ ಜಾಹೀರಾತನ್ನು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಕೂದಲೇ ಸುಳ್ಳಾಗಿಸುತ್ತದೆ.

ರೋಸ್‌ಮೇರಿಯ ಸಾರತೈಲವನ್ನು ನೇರವಾಗಿ ನೆತ್ತಿಗೆ ಸುರಿದುಕೊಂಡರೆ ಚರ್ಮ ಉರಿದು ಕೆಂಪಾಗುತ್ತದೆ. 30 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಹನ್ನೆರಡು ಹನಿ ಬೆರೆಸಿಕೊಂಡೆ, ಅದು ಹೆಚ್ಚುಕಡಿಮೆ ಶೇ. 2 ಆಗುತ್ತದೆ. ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡಿದೆ. ಕೆರೆತವಾಗಲಿಲ್ಲ. ವಾರಕ್ಕೆ ಕೆಲವು ಸಂಜೆ ಬೆರಳ ತುದಿಯಿಂದ ಬೈತಲೆಯ ಎರಡೂ ಬದಿ ಹಚ್ಚಿ, ನಾಲ್ಕೈದು ನಿಮಿಷ ಚರ್ಮವೇ ಅಲುಗುವಂತೆ ಒತ್ತಿ ತಿಕ್ಕಿ, ಒಂದು ಗಂಟೆಯ ನಂತರ ತೊಳೆಯುತ್ತಿದ್ದೆ. ತಲೆ ತಿಕ್ಕುವುದರ ಮೇಲೆಯೇ ಜಪಾನಿನಲ್ಲಿ 2016ರಲ್ಲಿ ಒಂದು ಪುಟ್ಟ ಅಧ್ಯಯನ ನಡೆದಿದೆ: ಒಂಬತ್ತು ಗಂಡಸರು, ದಿನಕ್ಕೆ ನಾಲ್ಕು ನಿಮಿಷ, 24 ವಾರ. ಕೂದಲಿನ ಸಂಖ್ಯೆ ಹೆಚ್ಚಲಿಲ್ಲ, ಎಳೆ ಮಾತ್ರ ತುಸು ದಪ್ಪವಾಯಿತು. ಕೊಬ್ಬರಿ ಎಣ್ಣೆಗೆ ಅದರದೇ ಗುಣವಿದೆ. ಅದು ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೋಟೀನು ಸೋರಿಹೋಗುವುದನ್ನು ತಗ್ಗಿಸುತ್ತದೆ, ಹೀಗಾಗಿ ಕೂದಲು ನಡುವೆ ತುಂಡಾಗುವುದು ಕಡಿಮೆಯಾಗುತ್ತದೆ. ಹೊಸ ಕೂದಲನ್ನು ಹುಟ್ಟಿಸುವ ಕೆಲಸ ಅದರದ್ದಲ್ಲ. ಜಿಡ್ಡುಹೊಟ್ಟು ಇರುವವರು ರಾತ್ರಿಯಿಡೀ ಎಣ್ಣೆ ಬಿಡುವುದು ಬೇಡ; ಹೊಟ್ಟಿಗೆ ಕಾರಣವಾಗುವ ಮಲಸೇಷಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ.

ಈರುಳ್ಳಿ ರಸದ ಬಗ್ಗೆ ಗೆಳತಿ ಹೇಳಿದ್ದಕ್ಕೂ ಆಧಾರವಿಲ್ಲದಿಲ್ಲ. 2002ರಲ್ಲಿ ಪ್ರಕಟವಾದ ಇರಾಕಿನ ಅಧ್ಯಯನದಲ್ಲಿ ದಿನಕ್ಕೆರಡು ಬಾರಿ ಈರುಳ್ಳಿ ರಸ ಹಚ್ಚಿದ 23 ಜನರಲ್ಲಿ 20 ಮಂದಿಗೆ ಆರು ವಾರದಲ್ಲಿ ಕೂದಲು ಬಂತು. ಆದರೆ ಅವರಿಗಿದ್ದದ್ದು ಅಲೋಪೇಷಿಯಾ ಏರಿಯಾಟಾ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಕೋಶದ ಮೇಲೆ ಬಿದ್ದು, ನಾಣ್ಯದಗಲಕ್ಕೆ ನುಣ್ಣಗೆ ಬೋಳಾಗುವ ಕಾಯಿಲೆ. ನನ್ನದು ಅದಲ್ಲ. ಹಾಗಾಗಿ ಆ ರಸದ ಗೊಡವೆಗೆ ನಾನು ಹೋಗಲಿಲ್ಲ.

ಎಣ್ಣೆ ಶುರು ಮಾಡಿದ ಮೇಲೂ ಕೂದಲು ಉದುರುತ್ತಲೇ ಇತ್ತು. ಆ ತಿಂಗಳುಗಳಲ್ಲಿ ಅಳು ಬಂದ ದಿನಗಳಿದ್ದವು. ಉದುರಿದ್ದನ್ನು ಎಣಿಸಬೇಡಿ, ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಬೈತಲೆಯ ಫೋಟೋ ತೆಗೆದಿಡಿ ಎಂದಿದ್ದರು ವೈದ್ಯೆ. ಆ ಸಲಹೆ ನನ್ನನ್ನು ಕಾಪಾಡಿತು. ಮೊದಲ ಎರಡು ಫೋಟೋಗಳಲ್ಲಿ ವ್ಯತ್ಯಾಸವಿರಲಿಲ್ಲ. ಆಮೇಲೊಂದು ದಿನ ಕಿಟಕಿಗೆ ಬೆನ್ನು ಮಾಡಿ ಕನ್ನಡಿ ನೋಡಿದಾಗ, ಹಣೆಯ ಮೇಲಂಚಿನಲ್ಲಿ, ಬೈತಲೆಯ ಉದ್ದಕ್ಕೂ, ಬೆರಳ ಗೆಣ್ಣಿನಷ್ಟು ಉದ್ದದ ಕೂದಲುಗಳು ನೆಟ್ಟಗೆ ಎದ್ದು ನಿಂತಿದ್ದವು. ತುಂಡಾದ ಕೂದಲಿನ ತುದಿ ಮೊಂಡಾಗಿರುತ್ತದೆ. ಇವುಗಳ ತುದಿ ಸೂಜಿಯಂತೆ ಚೂಪಾಗಿತ್ತು. ಹೊಸದಾಗಿ ಹುಟ್ಟಿದವು ಎಂಬುದಕ್ಕೆ ಅದೇ ಗುರುತು. ಎಣ್ಣೆ ನೀರು ಯಾವುದಕ್ಕೂ ಮಣಿಯದೆ ಎದ್ದು ನಿಲ್ಲುತ್ತಿದ್ದ ಆ ಕೂದಲನ್ನು ಕಂಡು ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಇದರಲ್ಲಿ ಕಬ್ಬಿಣದ ಪಾಲೆಷ್ಟು, ರೋಸ್‌ಮೇರಿಯ ಪಾಲೆಷ್ಟು, ಸುಮ್ಮನೆ ಕಳೆದ ಕಾಲದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬಾರದು. ಜ್ವರದಿಂದ ಉದುರಿದ್ದು ಹೇಗಿದ್ದರೂ ಬರುತ್ತಿತ್ತು. ಸುಸ್ತು ಹೋದದ್ದು ಮಾತ್ರ ಕಬ್ಬಿಣದಿಂದಲೇ, ಅದರಲ್ಲಿ ಅನುಮಾನವಿಲ್ಲ. ಮರುಪರೀಕ್ಷೆಯಲ್ಲಿ ಫೆರಿಟಿನ್ 46ಕ್ಕೆ ಏರಿತ್ತು.

ಈ ಲೆಕ್ಕಾಚಾರ ನನಗೆ ಇನ್ನೂ ಸ್ಪಷ್ಟವಾದದ್ದು ತಮ್ಮನಿಂದ. ಅವನ ಕೂದಲು ಹೀಗೆ ರಾಶಿರಾಶಿಯಾಗಿ ಉದುರಿದ್ದೇ ಇಲ್ಲ. ಹಣೆಯ ಎರಡು ಮೂಲೆಗಳು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು, ನೆತ್ತಿ ತೆಳುವಾಗುತ್ತಿತ್ತು. ನನ್ನ ಬಾಟಲಿಯ ಎಣ್ಣೆಯನ್ನೇ ಅವನೂ ಶ್ರದ್ಧೆಯಿಂದ ಹಚ್ಚಿದ. "ಅಕ್ಕಾ, ನಿನಗೆ ಬಂದದ್ದು ನನಗೇಕೆ ಬರುತ್ತಿಲ್ಲ?" ಎಂದು ಕೇಳಿದಾಗ ಸಂಕಟವಾಯಿತು. ಅವನದು ವಂಶದಿಂದ ಬಂದದ್ದು. ಟೆಸ್ಟೋಸ್ಟೆರಾನ್‌ನಿಂದ ಉಂಟಾಗುವ ಡಿಎಚ್‌ಟಿ ಎಂಬ ಹಾರ್ಮೋನು ಕೋಶಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ, ಪ್ರತಿ ಸುತ್ತಿನಲ್ಲೂ ಕೂದಲು ಇನ್ನಷ್ಟು ಸಣ್ಣದಾಗಿ ಹುಟ್ಟುತ್ತದೆ. ಇಲ್ಲಿ ಕಾಯುವುದರಿಂದ ನಷ್ಟವೇ. ಕುಂಬಳಬೀಜದ ಎಣ್ಣೆಯ ಕ್ಯಾಪ್ಸೂಲ್ ಬಗ್ಗೆ ಅವನು ಓದಿದ್ದ. 2014ರ ಕೊರಿಯಾದ ಅಧ್ಯಯನದಲ್ಲಿ 76 ಗಂಡಸರಲ್ಲಿ, ದಿನಕ್ಕೆ 400 ಮಿಲಿಗ್ರಾಂನಂತೆ 24 ವಾರ ಅದನ್ನು ಸೇವಿಸಿದವರ ಕೂದಲು ಶೇ. 40ರಷ್ಟು ಹೆಚ್ಚಿತ್ತು, ಹೋಲಿಕೆಗಾಗಿ ಮದ್ದಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 10. ಆಶೆ ಹುಟ್ಟಿಸುವ ಅಂಕಿಯೇ. ಆದರೆ ಆ ಕ್ಯಾಪ್ಸೂಲಿನಲ್ಲಿ ಬೇರೆ ಸಸ್ಯಾಂಶಗಳೂ ಇದ್ದವು, ಫಲ ಯಾವುದರದ್ದು ಎಂದು ಹೇಳಲಾಗದು. ವೈದ್ಯೆ ಅವನಿಗೆ ಮಿನಾಕ್ಸಿಡಿಲ್ ಸೂಚಿಸಿದರು. ರಕ್ತದೊತ್ತಡಕ್ಕೆಂದು ಕೊಡುತ್ತಿದ್ದ ಆ ಮದ್ದಿನಿಂದ ರೋಗಿಗಳ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು, 1988ರಲ್ಲಿ ಅಮೆರಿಕದಲ್ಲಿ ನೆತ್ತಿಗೆ ಹಚ್ಚಲು ಅನುಮತಿ ಸಿಕ್ಕಿತು. ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ ಎಂಬುದನ್ನು ತಿಳಿದೇ ಅವನು ಅದನ್ನು ಶುರು ಮಾಡಿದ.

ಹೋದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಹೆರಿಗೆಯಾಗಿ ನಾಲ್ಕು ತಿಂಗಳು. "ಅಕ್ಕಾ, ಕೈ ಹಾಕಿದರೆ ಸಾಕು, ಕೂದಲು ಕಿತ್ತು ಬರುತ್ತಿದೆ. ನೀನು ಹಚ್ಚಿದ ಎಣ್ಣೆಯ ಹೆಸರು ಹೇಳು" ಎಂದಳು. ಬಸುರಿಯಲ್ಲಿ ಏರಿದ ಈಸ್ಟ್ರೋಜನ್ ಕೂದಲನ್ನು ಉದುರಗೊಡದೆ ಹಿಡಿದಿಟ್ಟಿರುತ್ತದೆ, ಹೆರಿಗೆಯ ನಂತರ ಅದು ಇಳಿದಾಗ ಅಷ್ಟೂ ಒಟ್ಟಿಗೆ ಉದುರುತ್ತದೆ, ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಹುತೇಕರಿಗೆ ಮರಳಿ ಬರುತ್ತದೆ ಎಂದು ಹೇಳಿದೆ. ಅವಳ ಕೈಗೆ ಯಾರೋ ಕೊಟ್ಟಿದ್ದ ಸಾ ಪಾಲ್ಮೆಟೊ ಎಂಬ ಗಿಡದ ಸಾರದ ಮಾತ್ರೆಯನ್ನು ಮುಟ್ಟಬೇಡ ಎಂದೆ. ಹಾರ್ಮೋನಿನ ಮೇಲೆ ಕೆಲಸ ಮಾಡುವ ಅದು ಬಸುರಿಯರಿಗೂ ಹಾಲುಣಿಸುವವರಿಗೂ ಸಲ್ಲದು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಿತ್ತೇ ಎಂದು ಕೇಳಿದೆ. ಹೌದು ಎಂದಳು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದೂ ಉಂಟು. ಹಾಗಾಗಿ ಫೆರಿಟಿನ್ ಮತ್ತು ಥೈರಾಯ್ಡ್ ಎರಡನ್ನೂ ಮಾಡಿಸಿಕೊಳ್ಳಲು ಅವಳ ವೈದ್ಯರನ್ನು ಕೇಳು ಎಂದಿದ್ದೇನೆ. ವರದಿ ಬರಲಿ, ಎಣ್ಣೆಯ ಮಾತು ಆಮೇಲೆ.